ಕಸ ಬಂತು

"ಗುರುಗಳೇ, ಜನ ಇಷ್ಟೊಂದು ಮೆಚ್ಚಿದ ಮೇಲೆ, ನಾನು ಹೇಳಿದ್ದು ಅವರಿಗೆ ಮುಟ್ಟಿತು ಎಂದು ನಂಬಬಹುದಲ್ಲವೇ?"

ಕೇಳಿದವನು ಕೊಟ್ರೇಶ, ಮಠದ ಕಿರಿಯ ಶಿಷ್ಯ. ಆ ಶ್ರಾವಣದಲ್ಲಿ ಅವನು ಮೊದಲ ಸಲ ಪ್ರವಚನ ಮಾಡಿದ್ದ. ಸಭೆ ಕಿಕ್ಕಿರಿದು ತುಂಬಿತ್ತು. ಮಾತುಮಾತಿಗೆ ಚಪ್ಪಾಳೆ ಬಿದ್ದಿತ್ತು. ಅವನ ಮಾತಿನ ತುಣುಕುಗಳು ಊರಿನವರ ಮೊಬೈಲುಗಳಲ್ಲೆಲ್ಲ ಓಡಾಡುತ್ತಿದ್ದವು. ಅವನಂತೂ ಹಿಗ್ಗಿ ಹೀರೇಕಾಯಿಯಾಗಿದ್ದ.

ಗುರುಗಳು ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. "ಕೂತುಕೋ ಮಾರಾಯ. ಒಂದು ತಿಂಗಳು ನೀನೇ ಮಾತಾಡಿದ್ದೀಯ. ಈಗ ನಾನೊಂದು ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ" ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಹಾಡುಗಾರನಿದ್ದ. ರಾಗ ಎಳೆದು ಹಾಡುವವನಲ್ಲ, ತಾಳಕ್ಕೆ ಸರಿಯಾಗಿ ಪಟಪಟನೆ ಮಾತು ಉದುರಿಸುವವನು. ರ‍್ಯಾಪ್ ಅನ್ನುತ್ತಾರಲ್ಲ, ಅದು. ಮುಖ ಸಿಂಡರಿಸಬೇಡ, ಅದೂ ಒಂದು ವಿದ್ಯೆಯೇ. ನಿನ್ನ ಪ್ರವಚನಕ್ಕಿಂತ ಹೆಚ್ಚು ಉಸಿರು ಬೇಕು ಅದಕ್ಕೆ.

ಅವನ ತಾಯಿ ಮನೆಮನೆಯ ಕಸ ಒಯ್ಯುವವಳು. ಬೆಳಕು ಹರಿಯುವ ಹೊತ್ತಿಗೆ ಹಾಜರಿ. ಅಲ್ಲಿ ಮೇಸ್ತ್ರಿ ಅವಳನ್ನು ನಂಬರಿನಿಂದ ಕರೆಯುತ್ತಿದ್ದ. ಆಮೇಲೆ ಗಾಡಿ ತಳ್ಳಿಕೊಂಡು ಬೀದಿಗೆ ಹೋಗಿ ಸೀಟಿ ಊದಿದರೆ ಮನೆಯೊಳಗಿನಿಂದ ಕೂಗು ಬರುತ್ತಿತ್ತು: "ಕಸ ಬಂತು!" ಅಲ್ಲಯ್ಯಾ, ಕಸ ಇರುವುದು ಇವರ ಮನೆಯೊಳಗೆ. ಬಂದವಳು ಒಬ್ಬ ಹೆಣ್ಣುಮಗಳು. ಆದರೂ ಕೂಗುವುದು ಹಾಗೆ. ನಮ್ಮ ಮಠದ ಅಡುಗೆಮನೆಯವರೂ ಹಾಗೆಯೇ ಕೂಗುತ್ತಾರೆ, ನನ್ನ ಕಿವಿಗೆ ಬಿದ್ದಿಲ್ಲ ಅಂದುಕೊಳ್ಳಬೇಡ.

ಆ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು. ಅವಳೊಬ್ಬಳು ಮಾತ್ರ ತಾಯಿಯನ್ನು ಹೆಸರು ಹಿಡಿದು ಕರೆಯುತ್ತಿದ್ದಳು, ಜಗಲಿಯ ಮೇಲೆ ಕೂರಿಸಿ ಒಂದು ಲೋಟ ಚಹಾ ಕೊಡುತ್ತಿದ್ದಳು. ತಾಯಿ ಮನೆಗೆ ಬಂದು ಅದನ್ನೇ ಹಬ್ಬದ ಸುದ್ದಿಯ ಹಾಗೆ ಹೇಳುತ್ತಿದ್ದಳು. ಕೇಳಿದ ಮಗನಿಗೆ ಸಿಟ್ಟು ಬರುತ್ತಿತ್ತು. ಊರಿಗೆ ಊರೇ ಇರುವಾಗ ನಮ್ಮವ್ವನಿಗೆ ಒಬ್ಬರ ಬಾಯಲ್ಲಿ ಮಾತ್ರ ಹೆಸರೇ? ಇಡೀ ಊರು ಅವಳನ್ನು ಹೆಸರು ಹಿಡಿದು ಕರೆಯಬೇಕು, ಅಲ್ಲಿಯವರೆಗೆ ಬಿಡುವುದಿಲ್ಲ ಎಂದು ಅವನು ಹಟ ತೊಟ್ಟ.

ಎರಡು ವರ್ಷ ಕೂತು ಏಳು ಹಾಡು ಕಟ್ಟಿದ. ಅದು ಅವನ ಮೊದಲ ಆಲ್ಬಂ. ಆರು ಹಾಡುಗಳ ಮಾತು ಬಿಡು, ಏಳನೆಯದು ತಾಯಿಯ ಹಾಡು. ಪಲ್ಲವಿಯಲ್ಲಿ ತಾಯಿಯ ಹೆಸರು, ಅದನ್ನೇ ನಾಲ್ಕು ಸಲ ಕೂಗುವುದು. ಚರಣದೊಳಗೆ ಬೀದಿ, ಗಾಡಿ, ಸೀಟಿ, ಹರಿದ ಕೈಗವಸು. ಅಲ್ಲೊಂದು ಕಡೆ ಮನೆಯವರ ದನಿಯನ್ನು ಅಣಕಿಸಿ, ಹಲ್ಲು ಕಚ್ಚಿಕೊಂಡು, "ಕಸ ಬಂತು" ಎಂದು ಒಮ್ಮೆ ಉಗುಳಿದ್ದ.

ಧ್ವನಿಮುದ್ರಣಕ್ಕೆಂದು ಸ್ಟುಡಿಯೋಕ್ಕೆ ಹೋದ. ಸ್ಟುಡಿಯೋದವನು ಕೆಟ್ಟವನೇನಲ್ಲ. ಜನರ ನಾಡಿ ಬಲ್ಲವನು, ಅಷ್ಟೇ. ಏಳನೆಯ ಹಾಡನ್ನು ಎರಡು ಸಲ ಕೇಳಿದ. ಆಮೇಲೆ ಹೇಳಿದ: "ಹಾಡು ಚೆನ್ನಾಗಿದೆ ಗುರು. ಆದರೆ ನಿಮ್ಮ ತಾಯಿ ಹೆಸರು ಯಾರ ಬಾಯಲ್ಲಿ ಕೂರುತ್ತೆ ಹೇಳು? ಆ 'ಕಸ ಬಂತು' ಇದೆಯಲ್ಲ, ಅದನ್ನು ಪಲ್ಲವಿಗೆ ತಗೋ. ಹೆಸರನ್ನು ಚರಣದೊಳಗೆ ಇಡು. ಕೇಳೋರು ಕೇಳೇ ಕೇಳ್ತಾರೆ."

"ಆ ಮಾತು ನಮ್ಮವ್ವನಿಗೆ ಬೈಗುಳ ಅಣ್ಣಾ."

"ಬೈಗುಳ ಅಂತ ಗೊತ್ತಾಗಲಿ ಅಂತಾನೇ ಅಲ್ವಾ ನೀನು ಹಾಡ್ತಿರೋದು? ಒಂದು ಸಲ ಹಾಡಿ ನೋಡು."

ಹಾಡಿ ನೋಡಿದ. ಅವನು ಮೊದಲೇ ಮೊಬೈಲಿನಲ್ಲಿ ಹಿಡಿದಿಟ್ಟಿದ್ದ ತಾಯಿಯ ಸೀಟಿಯಿಂದಲೇ ಹಾಡು ಶುರುವಾಯಿತು, ಹಿಂದೆಯೇ ತಾಳ ಗುದ್ದಿತು, ಅದರ ಮೇಲೆ "ಕಸ ಬಂತು, ಕಸ ಬಂತು." ಕೋಣೆಯಲ್ಲಿದ್ದವರೆಲ್ಲ ಕುರ್ಚಿ ಬಿಟ್ಟು ಎದ್ದರು. ಒಬ್ಬ ಮೇಜು ಬಡಿದ. ಹಾಡುಗಾರ ತಲೆ ತಗ್ಗಿಸಿ ನೋಡಿಕೊಂಡರೆ ಅವನ ಕಾಲೂ ಕುಣಿಯುತ್ತಿತ್ತು. ಆಗಲೇ ಅವನು ಅಲ್ಲಿಂದ ಎದ್ದು ಬರಬೇಕಿತ್ತು. ಎದ್ದು ಬರಲಿಲ್ಲ. ಕೋಪವನ್ನು ಜನ ತನ್ನಷ್ಟೇ ಕೋಪದಿಂದ ಕೇಳುತ್ತಾರೆ ಎಂದು ಆ ಪುಣ್ಯಾತ್ಮ ನಂಬಿಬಿಟ್ಟ.

ಆಲ್ಬಂ ಹೊರಬಿತ್ತು. ಅಬ್ಬಾ, ಏನು ಹೇಳುವುದು! ಆಟೋದಲ್ಲಿ ಅದೇ, ಕಾಲೇಜಿನಲ್ಲಿ ಅದೇ, ಮದುವೆಯ ಮೆರವಣಿಗೆಯಲ್ಲಿ ಅದೇ. ಪತ್ರಿಕೆಗಳು ಅವನನ್ನು ದನಿಯಿಲ್ಲದವರ ದನಿ ಎಂದು ಬರೆದವು. ದೊಡ್ಡವರು ಕರೆದು ಶಾಲು ಹೊದಿಸಿದರು. ಮೊಬೈಲಿನಲ್ಲಿ ಓಡುವುದು ಹಾಡಿನ ಅರ್ಧ ನಿಮಿಷದ ತುಣುಕಲ್ಲವೇ, ಆ ತುಣುಕಿನಲ್ಲಿ ಬರೀ ಪಲ್ಲವಿ. ಚರಣಕ್ಕೆ ಅದರಲ್ಲಿ ಜಾಗವಿರಲಿಲ್ಲ. ಕಡೆಗೆ ನಗರಸಭೆಯವರು ಕಸದ ಗಾಡಿಗೆ ಧ್ವನಿವರ್ಧಕ ಕಟ್ಟಿ ಅದೇ ಹಾಡು ಹಾಕಿದರು. ಆ ಗಾಡಿಯನ್ನು ತಳ್ಳಿಕೊಂಡು ತಾಯಿ ಬೆಳಗಿನಿಂದ ಮಧ್ಯಾಹ್ನದವರೆಗೆ ನಡೆಯಬೇಕಾಯಿತು.

ಮಗನಿಗೆ ಒಳಗೊಳಗೇ ಇರಿಸುಮುರಿಸು. ಆದರೂ ಒಂದು ಆಸೆ ಇಟ್ಟುಕೊಂಡ. ಊರ ಮೈದಾನದಲ್ಲಿ ಅವನ ದೊಡ್ಡ ಕಾರ್ಯಕ್ರಮ ನಿಗದಿಯಾಗಿತ್ತು. ಸಾವಿರಾರು ಜನರ ಮುಂದೆ ಅವ್ವನನ್ನು ನಿಲ್ಲಿಸಿ, ಅವರ ಬಾಯಿಂದಲೇ ಅವಳ ಹೆಸರು ಹೇಳಿಸುತ್ತೇನೆ, ಅಲ್ಲಿಗೆ ಎಲ್ಲ ಸರಿಹೋಗುತ್ತದೆ ಎಂದುಕೊಂಡ.

ತಾಯಿ ಹೊಸ ಸೀರೆ ಉಟ್ಟು ವೇದಿಕೆ ಹತ್ತಿದಳು. ಮಗ ತಾಳ ನಿಲ್ಲಿಸಿದ. "ಇವಳೇ ನಮ್ಮವ್ವ" ಎಂದ. ಮೈದಾನದಲ್ಲಿ ಸೀಟಿಯೋ ಸೀಟಿ. ಕೆಲವರಿಗೆ ಕಣ್ಣಲ್ಲಿ ನೀರೇ ಬಂತು. "ಇವಳ ಹೆಸರು ಹಾಡಿನಲ್ಲಿದೆ. ನಿಮಗೆಲ್ಲ ಹಾಡು ಬಾಯಿಪಾಠ. ಒಂದೇ ಒಂದು ಸಲ ಅವ್ವನನ್ನು ಕರೀರಪ್ಪ!" ಎಂದು ಮೈಕನ್ನು ಜನರ ಕಡೆಗೆ ಹಿಡಿದ.

ಇಡೀ ಮೈದಾನ ಒಂದೇ ಬಾಯಾಗಿ ಕೂಗಿತು: "ಕಸ ಬಂತು!"

ಜನರಲ್ಲಿ ಕಪಟವಿರಲಿಲ್ಲ. ಪ್ರೀತಿಯಿಂದಲೇ ಕೂಗಿದರು. ತಾಯಿಗೆ ಇಪ್ಪತ್ತು ವರ್ಷದ ರೂಢಿ. ಆ ಕೂಗು ಕಿವಿಗೆ ಬಿದ್ದದ್ದೇ ತಡ, ಕಸದ ಬಕೆಟ್ಟು ಈಸಿಕೊಳ್ಳುವವಳ ಹಾಗೆ ಅವಳ ಎರಡೂ ಕೈ ತಾವಾಗಿಯೇ ಮುಂದೆ ಬಂದವು. ಮರುಗಳಿಗೆಯಲ್ಲಿ ಅವಳಿಗೆ ಅರಿವಾಯಿತು, ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಜನ ಅದನ್ನು ಅಭಿನಯ ಎಂದುಕೊಂಡು ಇನ್ನಷ್ಟು ಜೋರಾಗಿ ಕೂಗಿದರು. ಮಗ ಮೈಕನ್ನು ಕೆಳಗಿಳಿಸಲೂ ಆಗದೆ, ತಾಯಿಯ ಮುಖ ನೋಡಲೂ ಆಗದೆ ನಿಂತ. ವೇದಿಕೆಯ ಹಿಂಬದಿಯಲ್ಲಿದ್ದವನು ಯಾರೋ ತಾಳ ಶುರುಮಾಡಿಬಿಟ್ಟ, ಕಾರ್ಯಕ್ರಮ ಮುಂದುವರಿಯಿತು.

ಮರುದಿನ ತಾಯಿ ಎಂದಿನಂತೆ ಕೆಲಸಕ್ಕೆ ಹೋದಳು. ಬೇಗ ತಿರುಗಿ ಬಂದಳು. ಮಗ ಬಾಗಿಲಲ್ಲೇ ಕೂತಿದ್ದ. "ಅವ್ವಾ, ನಿನಗೆ ನನ್ನ ಮೇಲೆ ಸಿಟ್ಟು ಬಂದಿದೆ, ಅಲ್ವಾ?" ಎಂದು ಕೇಳಿದ.

ತಾಯಿ ಅವನ ಪಕ್ಕದಲ್ಲಿ ಕೂತಳು. "ಮೊದಲೆಲ್ಲ ಅವರು ಅಸಹ್ಯ ಪಟ್ಕೊಂಡು ಕರೀತಿದ್ರು. ಹಾಳಾಗಿ ಹೋಗ್ಲಿ ಅಂತ ನಾನೂ ಮನಸ್ಸಲ್ಲೇ ಬೈಕೊಂಡು ಗಾಡಿ ತಳ್ತಿದ್ದೆ. ಈಗ ನಗ್‌ನಗ್ತಾ ಕರೀತಾರೆ, ಹೆಗಲ ಮೇಲೆ ಕೈ ಹಾಕಿ ಫೋಟೋ ಹಿಡ್ಕೋತಾರೆ. ಯಾರನ್ನ ಬೈಲಿ ಹೇಳು? ಆ ಕೊನೇ ಮನೆ ಅಮ್ಮ ಇದ್ದಾರಲ್ಲ, ಇವತ್ತು ನನ್ನ ಕಂಡ ಕೂಡ್ಲೇ ಚಪ್ಪಾಳೆ ತಟ್ಟಿ, 'ಕಸ ಬಂತು, ಕಸ ಬಂತು' ಅಂತ ಹಾಡಿದ್ರು ಕಣೋ. ನಿನ್ನ ಮಗ ಎಷ್ಟು ಚೆನ್ನಾಗಿ ಕಟ್ಟಿದಾನೆ ಅಂದ್ರು. ನನಗೆ ಖುಷಿಯಾಗ್ಲಿ ಅಂತ ಹಾಡಿದ್ರು. ಚಹಾ ಅಲ್ಲೇ ಬಿಟ್ಟು ಬಂದೆ."

ಅಷ್ಟು ಹೇಳಿ ಅವಳು ಒಳಗೆ ಹೋಗಿ ಕೈಕಾಲು ತೊಳೆದುಕೊಂಡಳು. ಮಗ ಕೂತಲ್ಲಿಂದ ಏಳಲಿಲ್ಲ. ಊರನ್ನೆಲ್ಲ ಗೆಲ್ಲುತ್ತೇನೆಂದು ಹೊರಟವನು ಅವ್ವನ ಹೆಸರು ಹೇಳುತ್ತಿದ್ದ ಒಂದು ಬಾಯನ್ನೂ ಕಳೆದುಕೊಂಡಿದ್ದ. ಬೀದಿಯ ಆಚೆ ಎಲ್ಲಿಯೋ ಅವನ ಹಾಡು ಬರುತ್ತಿತ್ತು, ಯಾರೋ ಅದರ ಜೊತೆಗೆ ಹಾಡುತ್ತಿದ್ದರು.

ಗುರುಗಳು ಕತೆ ನಿಲ್ಲಿಸಿದರು. ಕೊಟ್ರೇಶನ ಕಣ್ಣು ಒದ್ದೆಯಾಗಿತ್ತು.

"ಛೇ, ಎಂಥ ಜನ ಗುರುಗಳೇ! ಕರುಳೇ ಇಲ್ಲದವರು!" ಎಂದ. ಕಣ್ಣೊರೆಸಿಕೊಂಡು, ಸ್ವಲ್ಪ ಮುಂದೆ ಸರಿದು ಕೇಳಿದ: "ಆ ಹಾಡನ್ನು ನಾನೂ ಕೇಳಿರಬೇಕು. ಹಾಡಿದವನು ಯಾರು ಗುರುಗಳೇ? ಅವನ ಹೆಸರೇನು?"

"ನೋಡಿದೆಯಾ ಕೊಟ್ರೇಶ, ನೀನೂ ಮಗನ ಹೆಸರನ್ನೇ ಕೇಳಿದೆ" ಎಂದರು ಗುರುಗಳು.