ಬಾಗಿಲಿಗೆ ಅಂಟಿಸಿದ ನೋಟಿಸು

ಗುರು ಅಂದಮೇಲೆ ಕಾವಿ ಉಟ್ಟಿರಬೇಕು, ಗಡ್ಡ ಬಿಟ್ಟಿರಬೇಕು ಅಂತ ಯಾರು ಹೇಳಿದರೋ ಕಾಣೆ. ಈ ಗುರು ದಿನಾ ನುಣ್ಣಗೆ ಕ್ಷೌರ ಮಾಡಿಕೊಂಡು ಕರಿ ಕೋಟು ಹಾಕುತ್ತಿದ್ದರು.

ಹೆಸರು ಜಂಬುನಾಥ. ರಾಜ್ಯ ಸರ್ಕಾರದ ಒಂದು ಮೇಲ್ಮನವಿ ನ್ಯಾಯಮಂಡಳಿಯಲ್ಲಿ ಹಿರಿಯ ನ್ಯಾಯಾಧೀಶರು. ಕೊಲೆ, ಕಳವು ಇವರ ಹತ್ತಿರ ಬರುವುದಿಲ್ಲ. ಯಾವುದೋ ಇಲಾಖೆ ಯಾರದೋ ಲೈಸೆನ್ಸ್ ರದ್ದು ಮಾಡಿತು, ಇನ್ಯಾರದೋ ಪಿಂಚಣಿ ನಿಲ್ಲಿಸಿತು ಅಂದರೆ, ಅನ್ಯಾಯವಾಯಿತು ಅನ್ನುವವರು ಇವರ ಮುಂದೆ ಬಂದು ನಿಲ್ಲುತ್ತಾರೆ.

ಶಿಷ್ಯ ಚೆನ್ನವೀರ. ಇಲಾಖೆಯೊಂದರಲ್ಲಿ ವರ್ಷಗಟ್ಟಲೆ ಅಧಿಕಾರಿಯಾಗಿದ್ದವನು ಈಗ ನ್ಯಾಯಾಧೀಶನಾಗಿ ನೇಮಕವಾಗಿದ್ದ. ಹೊಸಬರು ಸ್ವಲ್ಪ ಕಾಲ ಹಿರಿಯರ ಪಕ್ಕದಲ್ಲಿ ಕೂತು ವಿಚಾರಣೆ ಕೇಳಿ, ಕರಡು ತೀರ್ಪು ಬರೆದು ತೋರಿಸಬೇಕು. ಚೆನ್ನವೀರ ಜಾಣನೇ. ತಾನು ಜಾಣ ಅನ್ನುವುದೂ ಅವನಿಗೆ ಗೊತ್ತಿತ್ತು, ತಾಪತ್ರಯ ಇದ್ದದ್ದೇ ಅಲ್ಲಿ.

ಒಮ್ಮೆ ತುಂಗಭದ್ರೆಯ ದಂಡೆಯ ಪ್ರವಾಸಿ ಮಂದಿರದಲ್ಲಿ ವಿಚಾರಣೆ ನಡೆಯಿತು. ಮೇಲ್ಮನವಿ ಹಾಕಿದವಳು ಹುಲಿಗೆವ್ವ. ಹರಗೋಲಿನಲ್ಲಿ ಜನರನ್ನು ಹೊಳೆ ದಾಟಿಸುವುದು ಅವಳ ಕಸುಬು. ಮಿತಿ ಮೀರಿ ಜನರನ್ನು ಹತ್ತಿಸಿದಳು ಅಂತ ಇಲಾಖೆ ಅವಳ ಲೈಸೆನ್ಸ್ ರದ್ದು ಮಾಡಿ, ಹರಗೋಲನ್ನೂ ಎತ್ತಿಕೊಂಡು ಹೋಗಿತ್ತು.

"ರದ್ದು ಮಾಡುವ ಮುಂಚೆ ನೋಟಿಸ್ ಕೊಟ್ಟಿದ್ದಿರಾ?" ಗುರು ಇಲಾಖೆಯ ಇನ್‌ಸ್ಪೆಕ್ಟರ್ ಅಂದಾನಪ್ಪನನ್ನು ಕೇಳಿದರು.

"ಜಾರಿಯಾಗಿದೆ ಸರ್."

"ಹೇಗೆ? ಕೈಗೆ ಕೊಟ್ಟಿರೋ, ಅಂಚೆಯಲ್ಲಿ ಕಳಿಸಿದಿರೋ?"

"ಜಾರಿಯಾಗಿದೆ ಅಂತ ಫೈಲಲ್ಲಿದೆ ಸರ್. ಜಾರಿ ಮಾಡಿದವರು ವರ್ಗವಾಗಿ ಹೋಗಿದ್ದಾರೆ."

ಗುರು ಹುಲಿಗೆವ್ವನ ಕಡೆ ತಿರುಗಿದರು. "ನೋಟಿಸ್ ಬಂದಿತ್ತೇನವ್ವಾ?"

"ನನಗ ಯಾರೂ ಏನೂ ಕೊಟ್ಟಿಲ್ಲರಿ ಯಪ್ಪಾ. ಮುಂಜಾನೆ ಬಂದು ನೋಡಿದ್ರ ದಂಡಿಮ್ಯಾಲೆ ಹರಗೋಲೇ ಇರಲಿಲ್ಲ. ಅದಿಲ್ಲಂದ್ರ ನಾ ಏನ್ ತಿನ್ಲಿ, ಮಣ್ಣು ತಿನ್ಲೇನು?"

ಊಟದ ಬಿಡುವು ಬಂತು. ಬೇರೆಯವರು ಕೈ ತೊಳೆಯುವಷ್ಟರಲ್ಲಿ ಚೆನ್ನವೀರ ಕರಡು ಬರೆದು ಮುಗಿಸಿದ್ದ. ಮೇಲ್ಮನವಿ ವಜಾ.

ಗುರು ಓದುತ್ತಾ ಹೋಗಿ ಒಂದು ಸಾಲಿನ ಮೇಲೆ ಬೆರಳಿಟ್ಟರು.

"'ನೋಟಿಸನ್ನು ಮನೆಯ ಬಾಗಿಲಿಗೆ ಅಂಟಿಸಿ ಜಾರಿ ಮಾಡಲಾಗಿದೆ.' ಇದನ್ನ ಯಾರು ಹೇಳಿದ್ರು, ತಮ್ಮಾ?"

"ಹೇಳಬೇಕೇನು ಸರ್? ಮನೆಯವರು ಸಿಗದಿದ್ದರೆ ಬಾಗಿಲಿಗೆ ಅಂಟಿಸಿ ಬರ್ತಾರೆ. ನಾನೇ ಎಷ್ಟೋ ಅಂಟಿಸಿದ್ದೀನಿ. ಪಾಪ, ಅಂದಾನಪ್ಪನಿಗೆ ಹೇಳೋಕೆ ಬರಲಿಲ್ಲ ಅಷ್ಟೇ."

"ಹಂಗಾದ್ರೆ ಬೇಗ ಊಟ ಮುಗಿಸು. ಇನ್ನೊಬ್ಬ ಸಾಕ್ಷಿ ಇದ್ದಾನೆ, ಅವನನ್ನೂ ಕೇಳೋಣ."

"ಯಾರು ಸರ್?"

ಗುರು ಮೊಸರನ್ನ ಕಲಸುತ್ತಾ ಕೂತರು.

ಊಟವಾಯಿತು. ಎಲ್ಲರೂ ಬಂದು ಸೇರಿದರು. ಗುರು ಕೂಗಿದರು, "ಸಾಕ್ಷಿ ಚೆನ್ನವೀರ!"

ತಮಾಷೆ ಅಂದುಕೊಂಡು ಚೆನ್ನವೀರ ನಕ್ಕ. ಗುರು ನಗಲಿಲ್ಲ. ಅವನು ಪಕ್ಕದ ಕುರ್ಚಿಯಿಂದ ಎದ್ದು ಹೋಗಿ ಎದುರಿನ ಬೆತ್ತದ ಕುರ್ಚಿಯಲ್ಲಿ ಕೂತ. ಸತ್ಯವನ್ನೇ ಹೇಳುತ್ತೇನೆ ಅಂತ ಪ್ರಮಾಣವನ್ನೂ ಮಾಡಬೇಕಾಯಿತು.

"ಹುಲಿಗೆವ್ವಾ, ನಿನ್ನ ಮನೆ ಬಾಗಿಲಿಗೆ ನೋಟಿಸ್ ಅಂಟಿಸಿದ್ರು ಅಂತ ಇವರು ಹೇಳ್ತಾರೆ. ಏನು ಕೇಳಬೇಕೋ ಕೇಳು."

"ಅಯ್ಯ, ಸಾಹೇಬ್ರನ್ನ ನಾ ಏನ್ ಕೇಳ್ಲಿರಿ?"

"ಆ ಕುರ್ಚಿಯಲ್ಲಿ ಕೂತವರು ಸಾಹೇಬ್ರಲ್ಲ. ಕೇಳು."

ಅವಳು ಸೆರಗು ಸರಿಮಾಡಿಕೊಂಡಳು.

"ನೀವು ನಮ್ಮನಿ ನೋಡೀರೇನ್ರಿ?"

"ಇಲ್ಲ."

"ನಮ್ಮೂರಿಗಾದ್ರೂ ಬಂದೀರೇನು?"

"ಇಲ್ಲ."

"ಮತ್ತ ನಮ್ಮ ಬಾಗಿಲಿನ ಸುದ್ದಿ ನಿಮಗ ಹೆಂಗ ಗೊತ್ತಾತ್ರಿ?"

ಚೆನ್ನವೀರ ಏನಾದರೂ ಹೇಳಪ್ಪಾ ಅನ್ನುವ ಹಾಗೆ ಅಂದಾನಪ್ಪನ ಮುಖ ನೋಡಿದ. ಅಂದಾನಪ್ಪ ಗಡಬಡಿಸಿ ಎದ್ದು ಕೈಮುಗಿದ.

"ಸರ್, ಅಂಟಿಸಿದ್ದೀವಿ ಅಂತ ನಾನು ಎಲ್ಲೂ ಹೇಳಿಲ್ಲ ಸರ್. ಇದನ್ನ ನನ್ನ ತಲೆಗೆ ಕಟ್ಟಬೇಡಿ."

ಯಾರ ಪರವಾಗಿ ಬರೆದಿದ್ದನೋ ಅವನೇ ಕೈಬಿಟ್ಟ! ಚೆನ್ನವೀರನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತಲೆ ತಗ್ಗಿಸಿ ತನ್ನ ಜಾಗಕ್ಕೆ ಹೊರಟ.

"ಅಲ್ಲೇ ಕೂರು," ಅಂದರು ಗುರು. "ಸಾಕ್ಷಿ ಹೇಳಿದವನು ತೀರ್ಪು ಬರೆಯೋ ಹಾಗಿಲ್ಲ. ಇದನ್ನ ನಾನು ಬರೆಸ್ತೀನಿ."

ಬರೆಸಿದರು. ಹುಲಿಗೆವ್ವನ ಮಾತು ಕೇಳದೆ ಮಾಡಿದ ರದ್ದು ನಿಲ್ಲುವುದಿಲ್ಲ. ಹರಗೋಲು ವಾಪಸ್ ಕೊಡಬೇಕು. ಬೇಕಿದ್ದರೆ ಇಲಾಖೆ ಸರಿಯಾಗಿ ನೋಟಿಸ್ ಕೊಟ್ಟು, ಅವಳು ಹೇಳುವುದನ್ನು ಕೇಳಿ, ಆಮೇಲೆ ಹೊಸದಾಗಿ ತೀರ್ಮಾನ ಮಾಡಲಿ. ಇಷ್ಟೇ. ಆದೇಶ ಟೈಪಿಗೆ ಹೋಯಿತು.

ಚೆನ್ನವೀರನಿಗೆ ಒಳಗೊಳಗೇ ಉರಿ. ನೋಟಿಸಿನ ಮಾತು ಹಾಗಿರಲಿ, ಮಿತಿ ಮೀರಿ ಹತ್ತಿಸಿದ್ದು ಸುಳ್ಳೇ? ಹರಗೋಲು ಮಗುಚಿದ್ದರೆ? ಅವನು ಎದ್ದು ಹೊರಗೆ ಹೋದ. ಹುಲಿಗೆವ್ವ ಆದೇಶದ ಪ್ರತಿಗಾಗಿ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದಳು.

"ಅಲ್ಲಮ್ಮಾ, ಅವತ್ತು ಅಷ್ಟು ಜನರನ್ನ ಯಾಕೆ ಹತ್ತಿಸಿದೆ?"

"ನೀವಾದ್ರೂ ಕೇಳಿದ್ರಲ್ರೀ," ಅಂದಳು ಅವಳು. "ಹರಗೋಲು ತುಂಬಿತ್ತು. ಅಷ್ಟರಾಗ ಹೆರಿಗಿ ಬ್ಯಾನಿ ತಿನ್ನೋ ಹುಡುಗೀನ ಹೊತ್ಕೊಂಡು ಬಂದ್ರು. ದವಾಖಾನಿ ಇರೋದು ಈ ದಂಡಿಗೆ. ಯಾರರ ಇಳೀರಪ್ಪಾ ಅಂದೆ, ಕೈ ಮುಗಿದೆ, ಒಬ್ರೂ ಇಳೀಲಿಲ್ಲ. ಆ ಹುಡುಗೀನ ದಂಡಿಮ್ಯಾಲೆ ಬಿಟ್ಟು ಬರ್ಲೇನ್ರಿ?"

ಅವಳ ಕಣ್ಣು ತುಂಬಿತು. ಚೆನ್ನವೀರನಿಗೆ ಛೆ, ಇಂಥವಳ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದೆನಲ್ಲ ಅಂತ ತನ್ನ ಮೇಲೇ ಸಿಟ್ಟು ಬಂತು. ಅವನು ಒಳಗೆ ಓಡಿದ. ಗುರು ಸಹಿ ಮಾಡಲು ಪೆನ್ನು ತೆಗೆದಿದ್ದರು.

"ಸರ್, ತಡೀರಿ! ಒಂದು ಸಾಲು ಸೇರಿಸಬೇಕು. ಅವಳದು ಏನೂ ತಪ್ಪಿಲ್ಲ." ಕೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. "ಇದನ್ನ ಬರೆದುಬಿಡಿ ಸರ್. ಇಲಾಖೆ ಇನ್ನು ಅವಳ ತಂಟೆಗೇ ಬರಬಾರದು."

"ಅವಳು ಇದನ್ನ ಹೇಳುವಾಗ ಅಂದಾನಪ್ಪ ಅಲ್ಲಿದ್ದನೇ?"

"ಇಲ್ಲ ಸರ್. ಅವಳು ನನಗೆ ಹೇಳಿದ್ದು, ಹೊಳೆ ದಂಡೆಯಲ್ಲಿ. ಆದರೆ ಖಂಡಿತ ನಿಜ ಸರ್."

"ಊಟದ ಹೊತ್ತಿನಲ್ಲಿ ಬರೆದಿದ್ದೆಯಲ್ಲ, ಅದೂ ನಿನಗೆ ಖಂಡಿತ ನಿಜವೇ ಆಗಿತ್ತು."

ಆದರೂ ಚೆನ್ನವೀರನ ಮನಸ್ಸು ಕೇಳಲಿಲ್ಲ.

"ಇಲಾಖೆಯವರು ನೋಟಿಸ್ ಕೊಟ್ಟು ಮತ್ತೆ ರದ್ದು ಮಾಡಿದರೆ ಅವಳ ಗತಿ ಏನು ಸರ್? ಅವರ ಮುಂದೆ ನಿಂತು ಸರಿಯಾಗಿ ಹೇಳೋಕೆ ಅವಳಿಗೆ ಬರುತ್ತೋ ಇಲ್ಲವೋ. ಅವಳ ಪರವಾಗಿ ನಾವೇ ಹೇಳಿಬಿಟ್ಟರೆ ಏನಾಯ್ತು?"

ಗುರು ಇದ್ದ ಹಾಗೇ ಆದೇಶಕ್ಕೆ ಸಹಿ ಹಾಕಿ, ಹಾಳೆಯನ್ನು ಅವನ ಕೈಗೆ ಕೊಟ್ಟರು.

"ಆ ಮಾತು ಅವಳದು. ಇಲಾಖೆ ಒಂದು ಸಲ ಅವಳ ಬಾಯಿಂದ ಕಿತ್ಕೊಂಡಿತ್ತು, ಈಗ ವಾಪಸ್ ಕೊಡಿಸಿದ್ದೀವಿ. ಅಕ್ಕರೆಯಿಂದ ಅಂತ ನೀನು ಮತ್ತೆ ಕಿತ್ಕೋಬೇಡ, ತಮ್ಮಾ."