ಎದೆಯುರಿಯ ಕರಡಿ

ಕರಡಿಯೊಂದು ದಿನವೂ ಹೊಟ್ಟೆ ಬಿರಿಯುವಷ್ಟು ಹಲಸಿನ ಹಣ್ಣು ತಿಂದು, ತಿಂದ ಜಾಗದಲ್ಲೇ ಮಲಗುತ್ತಿತ್ತು. ಬರಬರುತ್ತಾ ಅದಕ್ಕೆ ಎದೆಯುರಿ ಹತ್ತಿಕೊಂಡಿತು, ಗಂಟಲಿಗೆ ಹುಳಿನೀರು ಬರತೊಡಗಿತು. ಹಣ್ಣು ಕಿತ್ತು ಕೊಡುತ್ತಿದ್ದ ಗೆಳೆಯ ಕೋತಿಯ ಮೇಲೆ ಕರಡಿ ಹರಿಹಾಯ್ದಿತು.

"ಹಣ್ಣಿಗೆ ವಿಷ ಬೆರೆಸಿದ್ದೀಯೆ! ನನ್ನ ಕಣ್ಣೆದುರು ನಿಲ್ಲಬೇಡ."

"ಅದೇ ಹಣ್ಣನ್ನು ನಾನೂ ತಿಂದೆನಲ್ಲ?" ಎಂದಿತು ಕೋತಿ. ಕರಡಿ ಕೇಳಲಿಲ್ಲ. ಕೋತಿ ಹೊಳೆ ದಾಟಿ ಹೊರಟುಹೋಯಿತು.

ಉರಿ ಮಾತ್ರ ಹೋಗಲಿಲ್ಲ. ಕೊನೆಗೆ ಮುದಿ ಆನೆ ವಿಚಾರಿಸಿತು: "ತಿಂದ ಮೇಲೆ ಏನು ಮಾಡುತ್ತೀಯೆ?"

"ಮಲಗುತ್ತೇನೆ."

"ಇನ್ನು ಮಿತವಾಗಿ ತಿನ್ನು. ತಿಂದದ್ದು ಅರಗುವವರೆಗೆ ಮಲಗಬೇಡ."

ಹಾಗೆ ಮಾಡಿದ ಮೇಲೆ ಉರಿ ಇಳಿಯಿತು. ಕರಡಿ ಹೊಳೆಯಾಚೆಗೆ ಹೋಗಿ, "ತಪ್ಪೆಲ್ಲ ನನ್ನದೇ, ಮರಳಿ ಬಾ" ಎಂದು ಬೇಡಿಕೊಂಡಿತು.

ಕೋತಿ ಮರದಿಂದ ಇಳಿಯಲಿಲ್ಲ. "ನಿನಗೆ ವಾಸಿಯಾಯಿತಲ್ಲ, ಸಂತೋಷ. ಆದರೆ ನಿನಗೆ ಹಣ್ಣು ಕೊಡಲು ಈಗ ನನಗೆ ಭಯ" ಎಂದಿತು.