ಹುಡುಕಾಸುರನ ಮೊದಲ ಪುಟ

"ಕೇಳ್ರಪ್ಪೋ ಕೇಳಿ! ಜಾಲನಗರದ ಒಡೆಯ ಹುಡುಕಾಸುರನ ಅಪ್ಪಣೆ! ಯಾರ ವೆಬ್‌ಸೈಟ್ ಲೋಕದ ಕಣ್ಣಿಗೆ ಬೀಳಬೇಕೋ ಅವರು ಕೋಟೆಗೆ ಬಂದು ವಿಳಾಸ ಒಪ್ಪಿಸಬೇಕು. ಮೂರು ಒಗಟು ಬಿಡಿಸಿದವನಿಗೆ ಮೊದಲ ಪುಟದಲ್ಲಿ ಜಾಗ. ತಪ್ಪಿದವನ ಹೆಸರು ಅಳಿಸಿ ನೆಲಮಾಳಿಗೆಗೆ ತಳ್ಳಲಾಗುವುದು!"

ಹೆಸರು ಅಳಿಸೋದು ಅಂದ್ರೆ ಹುಡುಗಾಟವಲ್ಲ ಸ್ವಾಮಿ. ಆ ರಾಜ್ಯದವರು ಮೊಬೈಲಲ್ಲಿ ಏನು ಕೇಳಿದರೂ ಹುಡುಕಿ ಹೇಳುವವನು ಆ ರಾಕ್ಷಸನೊಬ್ಬನೇ. ಅವನು "ಅಂಥವರು ಯಾರೂ ಇಲ್ಲ" ಅಂದುಬಿಟ್ಟರೆ ಬದುಕಿದ್ದೂ ಸತ್ತ ಹಾಗೆ. ಮೇದರ ಕೇರಿಯ ಕೆಂಚಪ್ಪನಿಗೆ ಹಾಗೇ ಆಯಿತು. ಕೇರಿಯ ಬುಟ್ಟಿ, ಮೊರಗಳಿಗೆಂದು ವೆಬ್‌ಸೈಟ್ ಮಾಡಿ ವಿಳಾಸ ಒಪ್ಪಿಸಲು ಹೋದವನು ಹಿಂದಿರುಗಲೇ ಇಲ್ಲ. ಅವನನ್ನು ಬಿಡಿಸಿಕೊಂಡು ಬರಲು ಈಗ ತಮ್ಮ ಕೇತ ಹೊರಟ. "ಇರೋ ಒಬ್ಬನೂ ಹೋಗ್ಬೇಡ ಕಣೋ" ಎಂದು ಅವ್ವ ಅತ್ತರೂ ಕೇಳಲಿಲ್ಲ.

ಕೋಟೆಯೊಳಗೆ ಕಾಲಿಟ್ಟದ್ದೇ ತಡ, ಬಾಗಿಲು ಮುಚ್ಚಿಕೊಂಡಿತು. ಒಳಗಡೆ ಅದಕ್ಕೆ ಹಿಡಿಯೂ ಇಲ್ಲ, ಅಗುಳಿಯೂ ಇಲ್ಲ. ಒಂದು ಕಿಟಕಿಯೂ ಇಲ್ಲ. ಅವನ ಜೊತೆ, ವಿಳಾಸ ಒಪ್ಪಿಸಲು ಬಂದ ಒಡವೆ ಅಂಗಡಿಯ ನಾಗಭೂಷಣನೂ ಹಪ್ಪಳದ ರುದ್ರಮೂರ್ತಿಯೂ ಸಿಕ್ಕಿಕೊಂಡಿದ್ದರು.

ರಾಕ್ಷಸ ಕೇಳಿದ: "ಅಂಗಡಿ ತೆರೆದಿದೆ, ಸರಕು ಚೆನ್ನಾಗಿದೆ, ಬೆಲೆಯೂ ಕಡಿಮೆ. ಆದರೂ ಒಂದು ನರಪಿಳ್ಳೆಯೂ ಬರುತ್ತಿಲ್ಲ. ಏನು ಕೊರತೆ?"

"ವಾಸ್ತು ದೋಷ!" ಎಂದ ನಾಗಭೂಷಣ. ಕಾಲ ಕೆಳಗಿನ ಕಲ್ಲು ಸರಿಯಿತು. ಪಾಪ, ಅವನಿಗೆ ಕೂಗಿಕೊಳ್ಳಲೂ ಪುರುಸೊತ್ತಾಗಲಿಲ್ಲ.

ಕೇತ ಮುಂದೆ ಬಂದು, "ಅಂಗಡಿ ಇದೆ ಅಂತ ದಾರಿ ತೋರಿಸೋನಿಗೆ ಯಾರೂ ತಿಳಿಸಿಲ್ಲ, ಒಡೆಯಾ" ಎಂದ.

"ನಂದೂ ಅದೇ!" ಅಂತ ರುದ್ರಮೂರ್ತಿ ಪಾರಾದ.

"ನನ್ನ ಆಳೊಬ್ಬ ದಿನಾ ಮನೆಮನೆಗೂ ಹೋಗುತ್ತಾನೆ. ಬಣ್ಣ, ಬೆಡಗು, ಚಿತ್ರ ಯಾವುದೂ ಅವನಿಗೆ ಕಾಣದು. ಆದರೂ ಯಾವ ಮನೆಯಲ್ಲಿ ಏನಿದೆ ಅಂತ ಬಂದು ಹೇಳುತ್ತಾನೆ. ಹೇಗೆ?" ಇದು ರಾಕ್ಷಸನ ಎರಡನೇ ಒಗಟು.

ಕೇತನಿಗೆ ಅಣ್ಣನ ವೆಬ್‌ಸೈಟ್ ನೆನಪಾಯಿತು. ಬರೀ ಫೋಟೋ! ಮೊರ ಅಂತ ಒಂದು ಅಕ್ಷರವೂ ಇರಲಿಲ್ಲ. ಅಯ್ಯೋ ಅಣ್ಣಾ, ಇಲ್ಲೇ ಎಡವಿದೆಯಲ್ಲೋ ಎಂದುಕೊಂಡ. "ಬರೆದದ್ದನ್ನು ಓದಿ ಹೇಳ್ತಾನೆ" ಎಂದ.

"ನಂದೂ..."

"ಸಾಕು ಬಾಯ್ಮುಚ್ಚು," ಗುಡುಗಿದ ರಾಕ್ಷಸ. "ಮುಂದಿನದಕ್ಕೆ ಮೊದಲು ನೀನೇ ಹೇಳಬೇಕು. ಒಬ್ಬ ತನ್ನ ಹೆಸರನ್ನು ಸಾವಿರ ಸಲ ಕೂಗಿದ, ತಳಕ್ಕೆ ಬಿದ್ದ. ಇನ್ನೊಬ್ಬ ಒಂದೇ ಸಲ ಹೇಳಿ ಸುಮ್ಮನಾದ, ಮೇಲೆ ಬಂದ. ಅವನನ್ನು ಎತ್ತಿದವರು ಯಾರು?"

ದಿನಕ್ಕೆ ನೂರು ಸಲ ತನ್ನ ಹಪ್ಪಳದ ಹೆಸರು ಕೂಗಿಕೊಳ್ಳುತ್ತಿದ್ದ ಆಸಾಮಿ ರುದ್ರಮೂರ್ತಿ. ಬೆವರು ಒರೆಸಿಕೊಂಡು, "ಲಂಚ ತಿಂದ ನಿಮ್ಮ ಆಳು!" ಎಂದ. ಕಲ್ಲು ಸರಿಯಿತು.

ಈಗ ಕೇತ ಒಬ್ಬನೇ. ನಾಲ್ಕೂ ಗೋಡೆ ಹತ್ತಿರ ಬಂದಂತೆ ಅನಿಸಿತು. ತನ್ನ ಹೆಸರೂ ಅಳಿಸಿದರೆ ಅವ್ವನಿಗೆ ಯಾರಿದ್ದಾರೆ? ಕೇರಿ ನೆನಪಾಯಿತು. ಅಲ್ಲಿ ತನ್ನ ಬುಟ್ಟಿಯನ್ನು ತಾನೇ ಹೊಗಳಿಕೊಂಡರೆ ಜನ ನಗುತ್ತಾರೆ. ತೊಟ್ಟಿಲು ಕೇಳಿ ಬಂದವರಿಗೆ ಮೊರ ಹೆಣೆಯುವವಳು, "ತಾಯವ್ವನ ಮನೆಗೆ ಹೋಗಿ, ತೊಟ್ಟಿಲು ಅವಳ ಕೈದೇ ಚೆಂದ" ಎಂದು ಕಳಿಸುತ್ತಾಳೆ.

"ಬೇರೆಯವರು, ಒಡೆಯಾ! ಅವನ ಕಡೆ ಬೆರಳು ತೋರಿಸಿದ ನಾಲ್ಕು ಜನ!"

ಹುಡುಕಾಸುರ ಲೇಖನಿ ಕೈಗೆತ್ತಿಕೊಂಡ. ಆಮೇಲೆ, "ಸರಿ. ಮೊದಲು ನನಗೆ ತಿಳಿಸಬೇಕು, ಆಮೇಲೆ ಓದುವಂತೆ ಬರೆಯಬೇಕು. ಮೇಲೆತ್ತುವುದು ಮಾತ್ರ ಊರಿನ ಕೆಲಸ, ನನ್ನ ಕೈಯಲ್ಲೂ ಇಲ್ಲ. ಮೊದಲ ಪುಟ ನಿನ್ನದು. ಏನು ಬರೆಯಲಿ?" ಎಂದ.

"ನೆಲಮಾಳಿಗೆಯವರ ಹೆಸರು ಬರೀರಿ. ಎಲ್ಲರದ್ದೂ. ನಮ್ಮ ಬುಟ್ಟಿ ಕೊನೇಲಿ ಇರ್ಲಿ."

ಒಂದೊಂದು ಹೆಸರು ಬರೆದಂತೆ ಒಬ್ಬೊಬ್ಬರೇ ಮೇಲೆ ಹತ್ತಿ ಬಂದರು. ಬಾಗಿಲು ತೆರೆಯಿತು. ಹೊರಗೆ ಹೋದ ಮೇಲೆ ಕೆಂಚಪ್ಪನನ್ನು ಬಿಟ್ಟು ಉಳಿದ ಐವತ್ತೊಂಬತ್ತು ಜನವೂ ತಂತಮ್ಮ ವೆಬ್‌ಸೈಟಿನಲ್ಲಿ ಮೇದರ ಕೇರಿಯ ಕಡೆ ಬೆರಳು ತೋರಿಸಿ ಅದರ ವಿಳಾಸ ಹಾಕಿದರು. ಕೇತನಿಗಾಗಲಿ ಅವನ ಅಣ್ಣನಿಗಾಗಲಿ ಇದು ಆಗ ತಿಳಿಯದು.

ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕೆಂಚಪ್ಪ ಕೇಳಿದ: "ನಮ್ಮ ಬುಟ್ಟಿ ಎಷ್ಟನೇ ಸಾಲಲ್ಲಿದೆಯೋ?"

"ಅರವತ್ತೊಂದು."

"ಥೂ ನಿನ್ನ! ಅಲ್ಲೀವರೆಗೆ ಯಾರೋ ನೋಡ್ತಾರೆ?"

ಕೇತ ಅಣ್ಣನ ಕೈ ಗಟ್ಟಿಯಾಗಿ ಹಿಡಿದುಕೊಂಡ. ಕಣ್ಣಲ್ಲಿ ನೀರು ಬಂತು.

"ಬಾಯ್ಮುಚ್ಕೊಂಡು ನಡಿಯಣ್ಣ. ಅವ್ವ ಕಾಯ್ತಾ ಇದ್ದಾಳೆ."